ಮಳೆಗಾಲ ಮುಗಿದ ಮೇಲೆ ಬಾ

ಮೊನ್ನೆ ಮುಂಡಗೋಡದ ಸಂತೆಯಲ್ಲಿ ಒಬ್ಬಾಕೆ ಅತಿಯಾಗಿ ಹಣ್ಣಾದ ಅನಾನಸು ಹೆಚ್ಚಿಟ್ಟುಕೊಂಡು ಕೂತಿದ್ದಳು. ಆ ಸಿಹಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಗೈ ತಾನಾಗಿ ಮೇಲೆದ್ದು ಇಲ್ಲದ ಸೀಸೆಯೊಂದನ್ನು ಹಿಡಿದು ಹನಿ ಹನಿಯಾಗಿ ಬಗ್ಗಿಸತೊಡಗಿತು. ಕೈಗೆ ವಾಯು ಹಿಡಿದಿದೆಯೇನು ಎಂದು ಆಕೆ ಕೇಳಿದಳು. ಹೌದೆಂದು ಆಕೆಯ ದನಿಯಲ್ಲೇ ಹೇಳಿದೆ. ನಕ್ಕು ಒಂದು ಹೋಳು ಪುಕ್ಕಟೆ ಕೊಟ್ಟಳು. ತಿನ್ನಲಾಗಲಿಲ್ಲ. ಕ್ಲೋರೋಫಾರ್ಮಿನ ವಾಸನೆಯೂ ಹೀಗೆಯೇ, ಒಳ್ಳೆಯ ಹಣ್ಣೊಂದು ಕೆಡಲು ಶುರುವಾದ ಹಾಗೆ. ನನ್ನ ಕೈಯಿಂದ ಅದನ್ನು ಒಬ್ಬ ಮನುಷ್ಯನಿಗೆ ಕೊಟ್ಟದ್ದು ಒಂದೇ ಸಲ. ಕೈ ಅದನ್ನು ಮರೆತಿಲ್ಲ.

ಎರಡನೆಯ ಮಹಾಯುದ್ಧದ ನಡುವಿನ ವರ್ಷವದು. ದಾಂಡೇಲಿ ಎಂದರೆ ಆಗ ಕಾಡು, ಕಟ್ಟಿಗೆ ಡಿಪೋ, ಹಳಿ ಮುಗಿಯುವ ಒಂದು ಸ್ಟೇಷನ್ನು, ಉಳಿದದ್ದು ಸೊಳ್ಳೆ. ಡಿಪೋದ ಬೇಲಿಗೆ ಆತು ಆರು ಮಂಚದ ದವಾಖಾನೆಯೊಂದಿತ್ತು. ನಾನು ಅಲ್ಲಿ ಕಂಪೌಂಡರ್, ವಯಸ್ಸು ಇಪ್ಪತ್ತೆರಡು. ನೇಮಕವಾಗಿದ್ದದ್ದು ಔಷಧ ಕಲಸುವುದಕ್ಕೆ, ಹೆಸರು ಬಂದದ್ದು ಜನರ ದನಿ ಕದಿಯುವುದಕ್ಕೆ. ಡಾಕ್ಟರ್ ಇನಾಮದಾರರು ಕೆಟ್ಟ ಸುದ್ದಿ ಹೇಳುವ ಮುಂಚೆ ಎರಡು ಸಲ ಕೆಮ್ಮುತ್ತಿದ್ದರು. ನಾನು ಔಷಧದ ಕಿಟಕಿಯ ಹಿಂದೆ ನಿಂತು ಅದೇ ಕೆಮ್ಮು ಕೆಮ್ಮಿದರೆ ಹೊರಗೆ ಸಾಲಿನಲ್ಲಿದ್ದವರ ಮುಖ ಬಾಡುತ್ತಿತ್ತು. ರೇಂಜರ್ ಸಾಹೇಬರ ಗೊರಕೆ, ಗರಗಸದವರ ಕೂಗು, ಅಡಿಗೆಯವನಿಗೆ ಅವನ ಹೆಂಡತಿ ಬೈಯುವ ರಾಗ, ಎಲ್ಲ ಬರುತ್ತಿತ್ತು. ನಿನ್ನನ್ನೇ ನೀನು ಅಣಕಿಸು ನೋಡೋಣ ಎಂದು ಯಾರಾದರೂ ಅಂದರೆ ಮಾತ್ರ ಸಿಕ್ಕಿಬೀಳುತ್ತಿದ್ದೆ. ಅಸಲು ಎಲ್ಲಿದೆಯೆಂದು ಗೊತ್ತಿದ್ದರಲ್ಲವೆ ನಕಲು ಮಾಡುವುದು.

ಎಲ್ಲರೂ ನಗುತ್ತಿದ್ದರು, ಸಿಸ್ಟರ್ ಮಾರ್ಥಾಬಾಯಿಯವರನ್ನು ಬಿಟ್ಟು. ಗದಗ ಕಡೆಯವರು, ಐವತ್ತರ ಹತ್ತಿರ ವಯಸ್ಸು, ನನ್ನ ಭುಜಕ್ಕೂ ಬರದ ಎತ್ತರ. ಆಪರೇಷನ್ ದಿನ ಕ್ಲೋರೋಫಾರ್ಮ್ ಕೊಡುವವರು ಅವರೇ. ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಬೇರೊಬ್ಬ ಡಾಕ್ಟರು ಇರುತ್ತಾರಂತೆ. ನಮ್ಮಲ್ಲಿದ್ದದ್ದು ಒಬ್ಬರೇ, ಅವರ ಎರಡೂ ಕೈ ರೋಗಿಯ ಹೊಟ್ಟೆಯೊಳಗೆ. ಹಾಗಾಗಿ ರೋಗಿಯ ಗದ್ದದ ಕೆಳಗಿನದೆಲ್ಲ ಡಾಕ್ಟರದು, ಗದ್ದದ ಮೇಲಿನದು ಸಿಸ್ಟರದು. ಈ ಗಡಿಯನ್ನು ಡಾಕ್ಟರೂ ದಾಟುವಂತಿರಲಿಲ್ಲ. ಅವಸರಪಟ್ಟು ಇನ್ನೊಂದಿಷ್ಟು ಹಾಕಿರೆಂದರೆ ಆಕೆ ತಲೆಯೆತ್ತದೆ, "ನೀವು ಕೊಯ್ಯೂದು ನೋಡ್ಕೋರಿ ಸಾಹೇಬ್ರ" ಅನ್ನುತ್ತಿದ್ದರು. ಡಾಕ್ಟರು ಮತ್ತೆ ಚಾಕುವಿನ ಕಡೆ ತಿರುಗುತ್ತಿದ್ದರು.

ಕೆಲಸ ನೋಡುವುದಕ್ಕೆ ಸುಲಭ. ತಂತಿಯ ಸಣ್ಣ ಬುಟ್ಟಿಯಂಥ ಮುಖವಾಡಕ್ಕೆ ಬಟ್ಟೆ ಬಿಗಿದು, ಮೂಗು ಬಾಯಿಯ ಮೇಲೆ ಹಿಡಿದು, ಸೀಸೆಯಿಂದ ಒಂದೊಂದೇ ಹನಿ ಬೀಳಿಸಬೇಕು. ಇನ್ನೊಂದು ಕೈ ದವಡೆಯನ್ನು ಮುಂದಕ್ಕೆತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ. ಕೊಂಚ ಕಡಿಮೆಯಾದರೆ ರೋಗಿ ಎದ್ದು ಕೂಡುತ್ತಾನೆ. ಕೊಂಚ ಹೆಚ್ಚಾದರೆ ಎಂದೂ ಏಳುವುದಿಲ್ಲ.

ಬೇರೆ ಕಡೆ ರೋಗಿಗೆ ಒಂದು ಎರಡು ಎಣಿಸಲು ಹೇಳುತ್ತಾರೆ. ನಮ್ಮಲ್ಲಿಗೆ ಬರುವವರು ಗಾಡಿಯವರು, ಗರಗಸದವರು. ಎಣಿಸು ಅಂದರೆ ಸಾಲೆಯ ಬೆತ್ತ ನೆನಪಾಗಿ ಇನ್ನಷ್ಟು ಹೆದರುತ್ತಿದ್ದರು. ಅದಕ್ಕೆ ಮಾರ್ಥಾಬಾಯಿ ದಾರಿ ಕೇಳುತ್ತಿದ್ದರು. ನಿಮ್ಮೂರಿನಿಂದ ಇಲ್ಲಿಗೆ ಬರುವಾಗ ಯಾವ್ಯಾವ ಊರು ಸಿಗುತ್ತವೆ, ಒಂದೊಂದಾಗಿ ಹೇಳಿರಿ. ರೋಗಿ ಊರು ಹೇಳುತ್ತಾ ಹೇಳುತ್ತಾ ನಾಲಿಗೆ ದಪ್ಪವಾಗಿ ನಡುದಾರಿಯಲ್ಲೆಲ್ಲೋ ನಿಂತುಬಿಡುತ್ತಿದ್ದ. ನನ್ನ ಮೈ ಜುಮ್ಮೆನ್ನುತ್ತಿದ್ದದ್ದು ಆಮೇಲೆ. ಎರಡು ತಾಸು ಕಳೆದು ಎಚ್ಚರವಾಗುವಾಗ, ಕಣ್ಣು ಬಿಡುವ ಮುಂಚೆಯೇ, ಅವನು ಆಡುವ ಮೊದಲ ಮಾತು ನಿಂತ ಊರಿನ ಮುಂದಿನ ಊರು. ಅಷ್ಟು ಹೊತ್ತೂ ಎಲ್ಲೋ ನಡೆಯುತ್ತಲೇ ಇದ್ದವನ ಹಾಗೆ. ಕೊನೆಗೆ ದಾಂಡೇಲಿ ಅಂದು ಕಣ್ಣು ತೆರೆಯುತ್ತಿದ್ದ.

ಇಲ್ಲಿಂದ ಊರಿಗೆ ಹೋಗುವ ದಾರಿಯನ್ನು ಮಾತ್ರ ಆಕೆ ಯಾರಿಗೂ ಕೇಳುತ್ತಿರಲಿಲ್ಲ. ಯಾಕೆಂದು ಕೆಣಕಿದರೆ ಬ್ಯಾಂಡೇಜು ಸುತ್ತಲು ಅಟ್ಟುತ್ತಿದ್ದರು. ನಾನು ಬ್ಯಾಂಡೇಜು ಸುತ್ತುತ್ತಾ ಆಕೆಯದೇ ದನಿಯಲ್ಲಿ ಬೆಕ್ಕಿಗೆ ದಾರಿ ಕೇಳುತ್ತಿದ್ದೆ.

ಮಳೆ ಹಿಡಿಯುವ ಮುಂಚೆ ಅನಮೋಡ ನಾಕಾದ ಜಮಾದಾರ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ. ನಾಕಾ ದಾಟಿ ಘಟ್ಟ ಇಳಿದರೆ ಪೋರ್ತುಗೀಜರ ಸೀಮೆ. ದಾರಿಗೆ ಅಡ್ಡ ಒಂದು ಮರದ ಕೋಲು. ಅದನ್ನು ಎತ್ತುವುದೂ ಇಳಿಸುವುದೂ ಇವನ ಮರ್ಜಿ. ಅವನ ದನಿ ಗಂಟಲಿನಿಂದಲ್ಲ, ಬೆಲ್ಟಿನ ಕೆಳಗಿನಿಂದ ಹೊರಡುತ್ತಿತ್ತು. ನನಗೆ ಹಬ್ಬವಾಯಿತು. ಆಷಾಢವಿಡೀ ನಾನು ಜಮಾದಾರನಾಗಿದ್ದೆ. ಕೆಮ್ಮಿನ ಔಷಧಕ್ಕೆ ಬಂದ ಮುದುಕಿಯರನ್ನೂ ಗಾಡಿ ನಿಲ್ಲಿಸು, ಚೀಟಿ ತೆಗಿ ಎಂದು ಗದರಿಸುತ್ತಿದ್ದೆ.

ಶ್ರಾವಣದ ಒಂದು ಮಧ್ಯಾಹ್ನ ಜಗಲಬೇಟದ ಇಮಾಮಸಾಬನ ಗಾಡಿ ದವಾಖಾನೆಯ ಮುಂದೆ ನಿಂತಿತು. ಬೇಸಿಗೆಯಲ್ಲಿ ಅನಮೋಡದಿಂದ ಉಪ್ಪು, ಉಳಿದ ದಿನ ಕಟ್ಟಿಗೆ ಹೇರುವವನು. ಆ ದಿನ ಗಾಡಿ ಹೊಡೆದುಕೊಂಡು ಬಂದವಳು ಅವನ ಹೆಂಡತಿ ಬೀಬಿಜಾನ್. ಅವನು ಹುಲ್ಲಿನ ಮೇಲೆ ಮೊಣಕಾಲು ಎದೆಗೆ ಎಳೆದುಕೊಂಡು ಬಿದ್ದಿದ್ದ. ತೊಡೆಸಂದಿಯಲ್ಲಿ ಕರುಳು ಇಳಿದು ಸಿಕ್ಕಿಕೊಂಡಿತ್ತು. ಡಾಕ್ಟರು ಮುಟ್ಟಿ ನೋಡಿ ಎರಡು ಸಲ ಕೆಮ್ಮಿದರು. ಧಾರವಾಡಕ್ಕೆ ಕಳಿಸಲು ಹೊತ್ತಿಲ್ಲ, ಈಗಲೇ ಕೊಯ್ಯಬೇಕು. ಮಾರ್ಥಾಬಾಯಿಯವರು ಮೂರು ದಿನದಿಂದ ಚಳಿಜ್ವರದಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಡಾಕ್ಟರು ಕೋಣೆಯೆಲ್ಲ ನೋಡಿ ಬೇರೆ ಯಾರೂ ಸಿಗದೆ ನನ್ನನ್ನು ನೋಡಿದರು. ನಲವತ್ತು ಸಲ ನೋಡಿದ್ದೀ, ಇವತ್ತು ನೀನು ಕೊಡು ಅಂದರು.

ಮಾರ್ಥಾಬಾಯಿ ನನ್ನನ್ನು ಮಂಚದ ಹತ್ತಿರ ಕರೆಸಿಕೊಂಡರು. ಹಲ್ಲು ಕಟಕಟ ಅನ್ನುತ್ತಿತ್ತು. "ವಸಂತಾ, ಮಾರಿ ನೋಡು, ಚಾಕು ನೋಡಬ್ಯಾಡ. ಹನಿ ಹನಿ ಹಾಕು, ಸುರೀಬ್ಯಾಡ. ಊರಿಂದ ಇಲ್ಲಿಗೆ ಬರೂ ದಾರಿ ಕೇಳು." ಹೂಂ ಅಂದೆ. ಹೊರಗೆ ಬಂದು ಅದೇ ಮೂರು ಮಾತನ್ನು, ಹಲ್ಲಿನ ಕಟಕಟದ ಸಮೇತ, ಅಡಿಗೆಯವನಿಗೆ ಆಡಿ ತೋರಿಸಿದೆ. ಹೆದರಿಕೆಯಾದಾಗ ನಾನು ಹಾಗೆಯೇ. ನನ್ನನ್ನು ಬಿಟ್ಟು ಬೇರೆ ಯಾರಾದರೂ ಆಗಿಬಿಡುತ್ತೇನೆ.

ಮೇಜಿನ ಮೇಲೆ ಇಮಾಮಸಾಬ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡ. ಇಲ್ಲಿ ಬೇಡ, ಸಾಯುವುದಾದರೆ ಮನೆಯಲ್ಲಿ ಸಾಯುತ್ತೇನೆ, ಮನೆಗೆ ಕಳಿಸಿರಿ ಎಂದು ಅಳುತ್ತಿದ್ದ. ಮುಖವಾಡ ತಂದರೆ ತಲೆ ಹೊರಳಿಸುತ್ತಿದ್ದ. ಆಗ ನನಗೆ ನನ್ನದೇ ಬುದ್ಧಿವಂತಿಕೆ ಹೊಳೆಯಿತು.

"ಹಂಗಾರ ಮನಿಗೇ ಹೋಗೂಣು ನಡೀರಿ, ಇಮಾಮಸಾಬ. ಗಾಡಿ ಹೂಡ್ರಿ. ಇಲ್ಲಿಂದ ಮುಂದಿನ ಊರು ಯಾವುದು?"

ಅವನು ಒಮ್ಮೆಲೇ ಶಾಂತನಾದ. ಪೋಟೋಲಿ ಅಂದ. ಹನಿ ಬೀಳಿಸಿದೆ. ಸೂಪಾ ಅಂದ. ಇಷ್ಟು ಹಗುರವಾಗಿ ಯಾರೂ ನಿದ್ದೆಗೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಮನಸ್ಸಿನಲ್ಲೇ ಮಾರ್ಥಾಬಾಯಿಗೆ ಪಾಠ ಹೇಳಿಕೊಟ್ಟೆ. ಜೋಯಿಡಾ ದಾಟಿತು. ಜಗಲಬೇಟ ಬರುವ ಹೊತ್ತಿಗೆ ಮಾತು ತೊದಲುತ್ತಿತ್ತು.

"ಮನಿ ಬಂತು. ಬೀಬಿ ಬಾಗಲಾಗ ನಿಂತಾಳ."

"ಇಳೀರಿ ಮತ್ತ."

"ಎತ್ತು ನಿಲ್ಲವಲ್ಲವು," ಅಂದ. ಸ್ವಲ್ಪ ಹೊತ್ತು ಬಿಟ್ಟು, "ತಿನೈ" ಅಂದ. ಅದು ಅವನ ಊರು ದಾಟಿ ಅನಮೋಡದ ಕಡೆ ಹೋಗುವ ದಾರಿಯ ಊರು. ಆಮೇಲೆ ಮಾತಿಲ್ಲ.

ಡಾಕ್ಟರು ಕೊಯ್ದರು. ಹಗಲಲ್ಲೇ ಕತ್ತಲು, ತಗಡಿನ ಮೇಲೆ ಮಳೆ. ನಾನು ಮುಖ ನೋಡುತ್ತಿದ್ದೆ, ನಿಜವಾಗಿಯೂ ನೋಡುತ್ತಿದ್ದೆ. ಆದರೆ ಕರುಳು ಹೊರಬಂದಾಗ ಅದು ನೇರಳೆ ಹಣ್ಣಿನ ಬಣ್ಣಕ್ಕಿತ್ತು. ಡಾಕ್ಟರು ಬಿಸಿನೀರಿನ ಬಟ್ಟೆ ಸುತ್ತಿ ಕಾಯುತ್ತಿದ್ದರು. ಅದು ಮೆಲ್ಲಗೆ, ಕಂಡೂ ಕಾಣದ ಹಾಗೆ, ಕೆಂಪಿಗೆ ತಿರುಗುತ್ತಿತ್ತು. ಸತ್ತದ್ದು ಬದುಕುವುದನ್ನು ಯಾರು ನೋಡದೆ ಇರುತ್ತಾರೆ? ಎಷ್ಟು ಹೊತ್ತು ನೋಡಿದೆನೋ. ನನ್ನ ಕೈ ಕೆಳಗಿನಿಂದ ಸ್ಪಷ್ಟವಾದ ಮಾತು ಬಂತು, "ನಾಕಾ ಕಾಣಾಕತ್ತೈತಿ." ಜೊತೆಗೇ ಅವನ ಕಾಲು ಅಲುಗಿತು. ಅಲುಗಾಡುತ್ತಾನೆ, ಹಿಡಿ ಎಂದು ಡಾಕ್ಟರು ಕೂಗಿದರು. ನಾನು ಸೀಸೆ ಬಗ್ಗಿಸಿದೆ. ಹನಿಯಲ್ಲ, ಧಾರೆ. ಬಟ್ಟೆ ತೊಯ್ದುಹೋಯಿತು.

ಮಳೆಯ ಸದ್ದು ಇದ್ದಕ್ಕಿದ್ದ ಹಾಗೆ ಜೋರಾಯಿತು ಅನ್ನಿಸಿತು. ಮಳೆ ಜೋರಾಗಿರಲಿಲ್ಲ. ಅದರ ಜೊತೆಗಿದ್ದ ಇನ್ನೊಂದು ಸದ್ದು ನಿಂತಿತ್ತು.

ಮುಖವಾಡ ಎತ್ತಿದರೆ ತುಟಿ ನೀಲಿ. ಡಾಕ್ಟರು ಗಾಯದ ಮೇಲೆ ಬಟ್ಟೆ ಒತ್ತಿ ಈ ಕಡೆ ಧಾವಿಸಿ, ಚಿಮಟಿಗೆಯಲ್ಲಿ ನಾಲಿಗೆ ಹೊರಗೆಳೆದು ಆ ಚಿಮಟಿಗೆಯನ್ನು ನನ್ನ ಕೈಗೆ ಕೊಟ್ಟರು. ಅವನ ಎರಡೂ ತೋಳು ತಲೆಯ ಮೇಲಕ್ಕೆತ್ತಿ, ಕೆಳಗಿಳಿಸಿ ಎದೆಗೆ ಒತ್ತಿ, ಮತ್ತೆ ಎತ್ತಿ ಉಸಿರು ತುಂಬಿಸಲು ನೋಡಿದರು. ಏನೂ ಇಲ್ಲ. ಬಾಗಿಲಲ್ಲಿ ಮಾರ್ಥಾಬಾಯಿ ನಿಂತಿದ್ದರು, ಕಂಬಳಿ ಹೊದ್ದು, ಗೋಡೆ ಹಿಡಿದುಕೊಂಡು. ಯಾರೂ ಕರೆದಿರಲಿಲ್ಲ. ನನ್ನನ್ನು ಬೈಯಲಿಲ್ಲ. ಕೇಳಿದ್ದು ಒಂದೇ ಮಾತು.

"ಎಲ್ಲೀತನಕ ಹೋಗ್ಯಾನ?"

"ನಾಕಾ" ಅಂದೆ.

"ಕರಿ ಮತ್ತ. ಊರಿನ ದನಿಯೆಲ್ಲಾ ಬಾಯಾಗ ಇಟಗೊಂಡು ಸುಮ್ಮನ ನಿಂತೀಯಲ್ಲೋ."

ಯಾರ ದನಿಯಲ್ಲಿ ಕರೆಯಲಿ? ಬೀಬಿಜಾನಳ ದನಿ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಗಿಲಲ್ಲಿ ನಿಂತ ಹೆಂಡತಿಗೆ ನಿಲ್ಲದ ಗಾಡಿ ಅದು. ಗಾಡಿಯವನು ನಿಲ್ಲುವುದು ಒಬ್ಬನಿಗೆ. ನಾನು ಉಸಿರನ್ನು ಬೆಲ್ಟಿನ ಕೆಳಗಿನಿಂದ ಎಳೆದು ಅವನ ಕಿವಿಗೆ ಬಾಯಿಟ್ಟೆ.

"ಏ ಗಾಡಿ, ನಿಲ್ಲಸು. ನಾಕಾ ಬಂದ್ ಐತಿ. ಹಿಂದಕ್ಕ ಹೊಡಿ. ಮಳಿಗಾಲ ಮುಗದ ಮ್ಯಾಲ ಬಾ."

ಕೊನೆಯ ಮಾತನ್ನು ಯೋಚಿಸಿ ಆಡಿದ್ದಲ್ಲ. ಮಳೆಗಾಲದಲ್ಲಿ ಘಟ್ಟದ ದಾರಿಗೆ ಗಾಡಿ ಬಿಡುವುದಿಲ್ಲ. ಜಮಾದಾರ ಎಲ್ಲರಿಗೂ ಹೇಳುವ ಮಾತು ಅದು, ಹಲ್ಲು ಕೀಳುವಾಗಲೂ ಡಾಕ್ಟರಿಗೆ ಹೇಳಿದ್ದ. ಡಾಕ್ಟರು ತೋಳು ಎತ್ತಿ ಇಳಿಸುತ್ತಲೇ ಇದ್ದರು. ನಾಲ್ಕನೆಯ ಸಲವೋ ಐದನೆಯ ಸಲವೋ, ಕೆಸರಿನಲ್ಲಿ ಹೂತ ಗಾಲಿ ಮೇಲೆದ್ದ ಹಾಗೆ, ಇಮಾಮಸಾಬನ ಎದೆ ಒಮ್ಮೆ ಎಳೆದುಕೊಂಡಿತು. ಮತ್ತೆ ಒಮ್ಮೆ.

ಮಾರ್ಥಾಬಾಯಿ ನನ್ನ ಕೈಯಿಂದ ಸೀಸೆ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತರು. ಮೈಯೆಲ್ಲ ನಡುಗುತ್ತಿತ್ತು, ಸೀಸೆ ಹಿಡಿದ ಕೈ ನಡುಗುತ್ತಿರಲಿಲ್ಲ. ಡಾಕ್ಟರು ಹೊಲಿಗೆ ಹಾಕಿ ಮುಗಿಸುವವರೆಗೂ ಹನಿ ಹನಿಯಾಗಿಯೇ ಹಾಕಿದರು. ಸಂಜೆಗೆ ಕೈ ತೊಳೆಯುತ್ತಾ ಡಾಕ್ಟರು ನನಗೆ, ತಪ್ಪು ನಿನ್ನದಲ್ಲ, ಆಕೆಯ ಜಾಗಕ್ಕೆ ನಿನ್ನನ್ನು ನಿಲ್ಲಿಸಿದ ನನ್ನದು ಅಂದರು. ಕೆಮ್ಮಲಿಲ್ಲ. ನನಗೆ ಅಳು ಬಂತು. ಅದೂ ಯಾರದೋ ಅಳುವಿನ ಹಾಗೆ ಕೇಳಿಸಿ ನಿಲ್ಲಿಸಿದೆ.

ಇಮಾಮಸಾಬನಿಗೆ ಎಚ್ಚರವಾದಾಗ ನಾನೇ ಪಕ್ಕದಲ್ಲಿದ್ದೆ. ಯಾವ ಊರು ಹೇಳುತ್ತಾನೆಂದು ಕಾಯುತ್ತಿದ್ದೆ. ಊರು ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡೇ, ಸಾಲದ ವಾಯಿದೆ ಒಪ್ಪಿಕೊಂಡವನ ಹಾಗೆ, "ಮಳಿಗಾಲ ಮುಗದ ಮ್ಯಾಲ, ಆತು" ಅಂದ.

ಗಾಯ ಮಾಯಿತು. ಹದಿನೈದು ದಿನಕ್ಕೆ ಎದ್ದು ನಡೆದ. ಮಾರ್ಥಾಬಾಯಿಯವರ ಜ್ವರವೂ ಇಳಿಯಿತು. ಒಂದು ದಿನ ಧೈರ್ಯ ಮಾಡಿ ದಾರಿಯ ಗುಟ್ಟು ಕೇಳಿದೆ. ಗುಟ್ಟೇನಿಲ್ಲ, ದಾರಿ ಹೇಳಿಸುವುದು ರೋಗಿಗಾಗಿ ಅಲ್ಲ ನನಗಾಗಿ, ಮಾತು ಎಲ್ಲಿ ತೊದಲುತ್ತದೆಂದು ಕೇಳಿ ಹನಿಯ ಅಳತೆ ಗೊತ್ತುಮಾಡಿಕೊಳ್ಳುತ್ತೇನೆ ಅಂದರು. ಹಾಗಾದರೆ ಹೋಗುವ ದಾರಿ ಕೇಳಿದರೂ ಅದೇ ಅಲ್ಲವೆ ಅಂದೆ. "ನಾನೂ ಒಮ್ಮೆ ಕೇಳಿದ್ದೆ. ಹುಡುಗಿ ಅಕಿ. ಕರ್ಯಾಕ ನನ್ನ ಹತ್ರ ದನಿ ಇರಲಿಲ್ಲ" ಅಂದರು.

ಭಾದ್ರಪದ ಕಳೆದು ಮಳೆ ಹಿಂದೆಗೆಯುವ ಹೊತ್ತಿಗೆ ಬೀಬಿಜಾನ್ ಒಬ್ಬಳೇ ಬಂದಳು. ಗಂಡ ಆರೋಗ್ಯವಾಗಿದ್ದಾನೆ, ಅದೇ ಹೆದರಿಕೆ ಅಂದಳು. ಗಾಲಿಗೆ ಎಣ್ಣೆ ಹಾಕಿಟ್ಟಿದ್ದಾನೆ, ಹೊಸ ಕೋಟು ತಮ್ಮನಿಗೆ ಕೊಟ್ಟುಬಿಟ್ಟಿದ್ದಾನೆ, ದಿನಾ ಆಕಾಶ ನೋಡುತ್ತಾನೆ. ರಾತ್ರಿ ನಿದ್ದೆಯಿಲ್ಲ. ನಾಕಾಕ್ಕೆ ಹೋಗಬೇಕು, ಮಾತು ಕೊಟ್ಟಿದ್ದೇನೆ, ಹೋದ ಮೇಲೆ ಬರುವುದಿಲ್ಲ ಅನ್ನುತ್ತಾನೆ. ಮಾರ್ಥಾಬಾಯಿ ನನ್ನನ್ನು ನೋಡಿದರು. ದಿನ ಗೊತ್ತುಮಾಡಿದವನು ನೀನು, ಹೋಗಿ ಬಿಡಿಸಿಕೊಂಡು ಬಾ ಅಂದರು. ನಾನು ಡಾಕ್ಟರ ಹತ್ತಿರ ರಜೆ ಕೇಳಿಕೊಂಡು ಜಗಲಬೇಟಕ್ಕೆ ಹೋದೆ.

ಇಮಾಮಸಾಬ ಎತ್ತುಗಳ ಮೈ ತಿಕ್ಕುತ್ತಿದ್ದ. ನಾನು ಯಾರ ದನಿಯೂ ಇಲ್ಲದೆ, ತಡವರಿಸುತ್ತಾ, ಆ ದಿನ ಕೂಗಿದ್ದು ಜಮಾದಾರನಲ್ಲ, ನಾನು ಎಂದು ಹೇಳಿದೆ. ಬೇಕಾದರೆ ಈಗ ಇನ್ನೊಮ್ಮೆ ಕೂಗಿ ತೋರಿಸುತ್ತೇನೆ ಅಂದೆ.

"ಗೊತ್ತೈತ್ರೀ ಕಂಪೌಂಡರ್ ಸಾಹೇಬ್ರ," ಅಂದ. "ನೀವು ಹಿಂದಿಂದ ಕೂಗಿದ್ರಿ, ಅದನ್ನ ಕೇಳಿದೆ. ಆದರ ಕೋಲು ಹಿಡಕೊಂಡು ಮುಂದ ನಿಂತಾಂವ ಬ್ಯಾರೆ. ನೀವು ಕೂಗಿದ ಕೂಡ್ಲೆ ಅಂವ ಕೋಲು ಇಳಿಸಿದ. ಹೂಂ ಅಂದ. ಮಾತು ನಿಮ್ಮದು, ಹೂಂ ಅಂದದ್ದು ಅಂವ."

ಯಾರವನು ಎಂದು ಕೇಳಿದೆ. ಮುಖ ನೋಡಲಿಲ್ಲ, ಕೈ ನೋಡಿದ್ದೇನೆ ಅಂದ. 

ಆಮೇಲೆ ಗಾಡಿಯವರ ಕಟ್ಟಳೆ ಹೇಳಿದ. ಇಂಥ ದಿನ ಇಂಥಲ್ಲಿ ಬರುತ್ತೇನೆಂದು ಮಾತಾದರೆ ಹೋಗಲೇಬೇಕು. ಹೋಗಿ ಎತ್ತು ಬಿಚ್ಚಿ ಮುಂದೆ ಒಂದು ಸಿವುಡು ಹುಲ್ಲು ಹಾಕಬೇಕು. ಎತ್ತು ಹುಲ್ಲು ಮುಗಿಸುವುದರೊಳಗೆ ಕರೆದವನು ಬಂದರೆ ಅವನು ಹೇಳಿದ ಕಡೆ ಗಾಡಿ ಹೊಡೆಯಬೇಕು. ಬರದಿದ್ದರೆ ಮಾತು ಮುರಿಯಿತು, ಮತ್ತೆ ಕರೆಯುವ ಹಕ್ಕು ಅವನಿಗಿಲ್ಲ. ಹೋಗದೆ ಮನೆಯಲ್ಲಿ ಕೂತರೆ ಮಾತ್ರ ಅವನೇ ಬಾಗಿಲಿಗೆ ಬರುತ್ತಾನೆ.

ನಾನೂ ಬರುತ್ತೇನೆಂದೆ. ಬೀಬಿಜಾನ್ ಹುಲ್ಲಿನ ಸಿವುಡು ಕಟ್ಟಿಕೊಟ್ಟಳು. ನೋಡಿದೆ, ಆದಷ್ಟೂ ಸಣ್ಣದಾಗಿ ಕಟ್ಟಿದ್ದಳು.

ಅನಮೋಡ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿದ್ದರೂ ಘಟ್ಟದ ಬಾಯಲ್ಲಿ ಮಂಜು ಹಾಗೇ ಇತ್ತು. ಕೋಲಿನ ಆಚೆ ಹತ್ತು ಹೆಜ್ಜೆ ದಾರಿ ಕಾಣುತ್ತಿತ್ತು, ಆಮೇಲೆ ಬಿಳಿ. ಜಮಾದಾರ ಕೋಲಿನ ಮೇಲೆ ಕೈಯಿಟ್ಟು ನಿಂತು, ಏ ಗಾಡಿ, ಮಾಲಿಲ್ಲ, ಚೀಟಿಯಿಲ್ಲ, ಇಲ್ಲಿ ಯಾಕೆ ಬಿಚ್ಚುತ್ತೀ ಎಂದು ಗದರಿಸಿದ. ಅದೇ ದನಿ. ನನ್ನ ನಕಲು ಅಸಲಿಗಿಂತ ಚೆನ್ನಾಗಿತ್ತೆಂದು ಹೆಮ್ಮೆಯಾಯಿತು. ಅಂಥ ಹೊತ್ತಿನಲ್ಲೂ ಆಯಿತಲ್ಲ ಎಂದು ನಾಚಿಕೆಯೂ ಆಯಿತು. ಇಮಾಮಸಾಬ ಮುಖ ನೋಡಲಿಲ್ಲ. ಕೋಲಿನ ಮೇಲಿದ್ದ ಕೈಯನ್ನು ಬಹಳ ಹೊತ್ತು ನೋಡಿ ನನ್ನ ಕಿವಿಯಲ್ಲಿ, "ಇಂವಲ್ಲ" ಅಂದ.

ಎತ್ತು ಬಿಚ್ಚಿ ಹುಲ್ಲು ಹಾಕಿದ. ಜಮಾದಾರ ಗೊಣಗಿಕೊಂಡು ಚಾವಡಿಯೊಳಗೆ ಹೋದ. ಎತ್ತುಗಳು ಇಷ್ಟು ನಿಧಾನವಾಗಿ ಮೇಯುತ್ತವೆಂದು ನನಗೆ ಗೊತ್ತಿರಲಿಲ್ಲ. ಒಂದೊಂದು ಕಡ್ಡಿಗೂ ಯೋಚನೆ. ಅರ್ಧ ಸಿವುಡು ಮುಗಿದಿತ್ತು. ಎರಡೂ ಎತ್ತುಗಳು ಒಟ್ಟಿಗೆ ತಲೆಯೆತ್ತಿದವು. ಕಿವಿ ನೆಟ್ಟಗಾದವು. ಬಾಯಲ್ಲಿ ಹುಲ್ಲು ಹಾಗೇ ನಿಂತಿತು. ಇಬ್ಬರಲ್ಲ, ಮೂವರಲ್ಲ, ಒಬ್ಬರೇ ಬರುತ್ತಿದ್ದರೆ ದನ ಹೇಗೆ ನೋಡುತ್ತದೋ ಹಾಗೆ ಮಂಜಿನ ಒಂದೇ ಜಾಗವನ್ನು ನೋಡಿದವು. ನನಗೆ ಏನೂ ಕಾಣಲಿಲ್ಲ. ಇಮಾಮಸಾಬ ಎದ್ದು ನಿಂತ. ಯಾರೂ ಮುಟ್ಟದ ಕೋಲು ತನ್ನ ಕವಲಿನಲ್ಲಿ ಒಮ್ಮೆ ಕಿರ್ ಅಂದಿತು. ಹಿಂದಕ್ಕೆ ಹೋಗು ಎಂದು ಯಾರ ದನಿಯಲ್ಲಾದರೂ ಕೂಗೋಣವೆಂದು ಬಾಯಿ ತೆರೆದೆ. ಇದ್ದಬದ್ದ ದನಿಗಳಲ್ಲಿ ಒಂದೂ ಹೊರಬರಲಿಲ್ಲ.

ಎಡಗಡೆಯ ಎತ್ತು ಮೂಗು ಸೀನಿ ತಲೆ ತಗ್ಗಿಸಿತು. ಬಲಗಡೆಯದೂ ತಗ್ಗಿಸಿತು. ಅಗಿಯುವ ಸದ್ದು ಮತ್ತೆ ಶುರುವಾಯಿತು. ನೆಲದ ಮೇಲೆ ಕೊನೆಯ ಕಡ್ಡಿ ಉಳಿದಾಗ ಇಮಾಮಸಾಬ ಬಗ್ಗಿ ಅದನ್ನು ತನ್ನ ಕೈಯಿಂದಲೇ ತಿನ್ನಿಸಿದ. ನಾಕಾದ ಕಡೆ ತಿರುಗಿ, ದೊಡ್ಡ ದನಿಯಲ್ಲಿ, "ನಾ ಬಂದಿದ್ದೆ" ಅಂದ. ಚಾವಡಿಯಿಂದ ಜಮಾದಾರ, ಬಂದರೆ ಬಾ, ಹೋದರೆ ಹೋಗು, ನಿದ್ದೆ ಕೆಡಿಸಬೇಡ ಎಂದು ಕೂಗಿದ.

ಗಾಡಿ ತಿರುಗಿಸಿ ಒಂದು ಹರದಾರಿ ಬಂದಿರಬಹುದು. ಇಮಾಮಸಾಬ ಹಗ್ಗ ನನ್ನ ಕೈಗೆ ಕೊಟ್ಟು, ಕಣ್ಣು ಎಳೆಯುತ್ತಿದೆ ಎಂದು ಹಿಂದೆ ಗಾಡಿಯ ಹಲಗೆಯ ಮೇಲೆ ಮಲಗಿಬಿಟ್ಟ. ಮಲಗಬೇಡ ಅನ್ನುವಷ್ಟರಲ್ಲಿ ನಿದ್ದೆ ಹೋಗಿದ್ದ. ನಾನು ಗಾಡಿ ನಿಲ್ಲಿಸಿ ಹಿಂದೆ ತಿರುಗಿ ಅವನ ಎದೆ ಏರಿಳಿಯುವುದನ್ನು ನೋಡುತ್ತಾ ಕೂತೆ. ಹೊತ್ತು ಇಳಿಯತೊಡಗಿತು, ಹೊರಡಲೇಬೇಕಾಯಿತು. ಎತ್ತುಗಳು ನನಗೆ ಕದಲಲಿಲ್ಲ. ಜಮಾದಾರನಾದೆ, ಡಾಕ್ಟರಾದೆ, ಮಾರ್ಥಾಬಾಯಿಯಾದೆ. ಬಾಲ ಬೀಸಿದವು ಅಷ್ಟೇ. ಕೊನೆಗೆ ಬೇರೆ ದಾರಿ ಕಾಣದೆ, ಮೈ ಬಿಗಿಹಿಡಿದುಕೊಂಡು, ಮಲಗಿದವನದೇ ದನಿ ತೆಗೆದೆ. ಬರುವಾಗ ಕೇಳಿದ್ದ ಎತ್ತುಗಳ ಹೆಸರು ಹಿಡಿದು, ಕಾಶ್ಯಾ, ಮೋತ್ಯಾ, ನಡೀರೋ ಅಂದೆ.

ಎತ್ತುಗಳು ಕಿವಿ ಹೊರಳಿಸಿದವು, ಹೆಜ್ಜೆ ಎತ್ತಲಿಲ್ಲ. ಹಿಂದಿನಿಂದ ಅದೇ ದನಿಯಲ್ಲಿ, ತಾಳ್ಮೆಗೆಟ್ಟ ಮಾಸ್ತರರ ಹಾಗೆ ಮಾತು ಬಂತು.

"ಮೋತ್ಯಾನ ಹೆಸರು ಮೊದಲ ಹೇಳಬೇಕ್ರಿ. ಇಲ್ಲಂದ್ರ ಅದು ಸಿಟ್ಟಾಗತೈತಿ."

ಮೋತ್ಯಾ, ಕಾಶ್ಯಾ ಅಂದೆ. ಗಾಡಿ ಹೊರಟಿತು. ಜಗಲಬೇಟದಲ್ಲಿ ಬೀಬಿಜಾನ್ ಬಾಗಿಲಿನಿಂದ ಓಡಿ ಬಂದು ಎಬ್ಬಿಸುವವರೆಗೂ ಅವನು ಮಗ್ಗುಲು ಬದಲಿಸಲಿಲ್ಲ. ಇಳಿದವನಿಗೆ ಎತ್ತಿನ ಮಾತು ಹೇಳಿದೆ. ತಾನು ದಾರಿಯಲ್ಲಿ ಬಾಯಿಯೇ ತೆರೆದಿಲ್ಲ ಅಂದ. ನಾನೇ ಎರಡೂ ದನಿ ಮಾಡಿಕೊಂಡು ಬಂದಿರಬೇಕೆಂದು ಗಂಡ ಹೆಂಡತಿ ಇಬ್ಬರೂ ನಕ್ಕರು. ನಾನೂ ನಕ್ಕೆ. ಮೋತ್ಯಾನ ಸಿಟ್ಟಿನ ಸಂಗತಿ ನನಗೆ ಹೇಗೆ ಗೊತ್ತಿರಬೇಕು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.